ಆಫೀಸ್ ರಾಜಕೀಯದ ನಡುವೆ ಕೆಲಸ ಮಾಡುವುದು, ಮಾಡಿಸುವುದು: ಒಂದು ಸಮಗ್ರ ಮಾರ್ಗದರ್ಶಿ

“ನನಗೆ ಈ ರಾಜಕೀಯ ಎಲ್ಲ ಆಗಿಬರಲ್ಲ, ನಾನಾಯಿತು ನನ್ನ ಕೆಲಸವಾಯಿತು” ಎನ್ನುವವರು ಎಲ್ಲ ಆಫೀಸುಗಳಲ್ಲೂ ಇರುತ್ತಾರೆ. ಬಡ್ತಿ ಪಟ್ಟಿ ಹೊರಬಿದ್ದ ದಿನ ಎಲ್ಲರಿಗಿಂತ ಹೆಚ್ಚು ಬೇಜಾರಾಗುವವರೂ ಸಾಮಾನ್ಯವಾಗಿ ಅವರೇ. ಇರುವುದು ಒಂದು ಹುದ್ದೆ, ಅರ್ಹರು ನಾಲ್ವರು. ಇರುವುದು ಒಂದೇ ಬಜೆಟ್ಟು, ಕೈಚಾಚುವ ವಿಭಾಗಗಳು ಮೂರು. ಇಂಥ ಕಡೆ ನಿಯಮದ ಪುಸ್ತಕ ಅರ್ಧ ದಾರಿಗೇ ನಿಂತುಬಿಡುತ್ತದೆ. ಮುಂದಿನದನ್ನು ಯಾರದೋ ಮಾತು, ಯಾರ ಮೇಲೋ ಇರುವ ನಂಬಿಕೆ, ಯಾವತ್ತಿನದೋ ಹಳೇ ಮುನಿಸು ತೀರ್ಮಾನಿಸುತ್ತದೆ. ಅದನ್ನೇ ನಾವು ಆಫೀಸ್ ರಾಜಕೀಯ ಎಂದು ಕರೆಯುವುದು.

ನನ್ನ ಲೆಕ್ಕದಲ್ಲಿ ಇದರ ತಿರುಳು ಇಷ್ಟೇ: ನಿರ್ಧಾರ ಮಾಡುವವರ ಕಿವಿಗೆ ಯಾವ ಮಾತು, ಯಾರ ಬಾಯಿಂದ, ಎಷ್ಟು ಮುಂಚೆ ತಲುಪಿತು ಎಂಬುದು. ಹಾಗಾಗಿ ಮೀಟಿಂಗಿನಲ್ಲಿ ಹೇಗೆ ಮಾತಾಡಬೇಕು ಎಂಬುದಕ್ಕಿಂತ, ಅದಕ್ಕೆ ಮುಂಚೆ ಏನು ಮಾಡಬೇಕು, ಮುಗಿದ ಮೇಲೆ ಏನು ಬರೆದಿಡಬೇಕು ಎಂಬುದಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹೆಜ್ಜೆ 1: ಯಾರ ಮಾತು ನಡೆಯುತ್ತದೆ, ಪಟ್ಟಿ ಮಾಡಿ

ಗೋಡೆಗೆ ಅಂಟಿಸಿದ ಹುದ್ದೆಗಳ ಚಾರ್ಟ್ ನೋಡಿ ಅಧಿಕಾರ ಎಲ್ಲಿದೆ ಎಂದು ಅಂದಾಜು ಮಾಡಬೇಡಿ. 1959ರಲ್ಲಿ ಜಾನ್ ಫ್ರೆಂಚ್ ಮತ್ತು ಬರ್ಟ್ರಾಮ್ ರೇವನ್ ಎಂಬ ಇಬ್ಬರು ಮನೋವಿಜ್ಞಾನಿಗಳು ಅಧಿಕಾರದ ಮೂಲಗಳನ್ನು ಐದಾಗಿ ವಿಂಗಡಿಸಿದ್ದರು: ಹುದ್ದೆ, ಬಹುಮಾನ ಕೊಡುವ ಶಕ್ತಿ, ಶಿಕ್ಷಿಸುವ ಶಕ್ತಿ, ಪರಿಣತಿ, ಮತ್ತು ಜನ ತಾವಾಗಿ ಇಟ್ಟುಕೊಂಡ ಅಭಿಮಾನ. ರೇವನ್ ಆಮೇಲೆ ಆರನೆಯದೊಂದನ್ನು ಸೇರಿಸಿದರು, ಮಾಹಿತಿ. ಚಾರ್ಟಿನಲ್ಲಿ ಕಾಣುವುದು ಮೊದಲ ಮೂರು ಮಾತ್ರ. ದಿನನಿತ್ಯದ ಆಟ ನಡೆಯುವುದು ಉಳಿದ ಮೂರರಲ್ಲಿ.

ಮಾಡಬೇಕಾದ್ದು ಹೀಗೆ. ನಿಮ್ಮ ವಿಭಾಗದಲ್ಲಿ ಇತ್ತೀಚೆಗೆ ಆದ ಮೂರು ನಿರ್ಧಾರಗಳನ್ನು ಆರಿಸಿಕೊಳ್ಳಿ: ಒಂದು ಖರೀದಿ, ಒಂದು ನೇಮಕ, ಒಂದು ನಿಂತುಹೋದ ಯೋಜನೆ. ಪ್ರತಿಯೊಂದರ ಎದುರಿಗೂ ನಾಲ್ಕು ಹೆಸರು ಬರೆಯಿರಿ. ಮೊದಲು ಪ್ರಸ್ತಾಪ ಮಾಡಿದ್ದು ಯಾರು? “ಅವರನ್ನೊಂದು ಮಾತು ಕೇಳಿಬಿಡಿ” ಎಂದು ಎಲ್ಲರೂ ಹೇಳಿದ್ದು ಯಾರ ಬಗ್ಗೆ? ತಡ ಮಾಡಿದವರು ಯಾರು? ಕೊನೇ ಗಳಿಗೆಯಲ್ಲಿ ಬದಲಾಯಿಸಿದವರು ಯಾರು? ಮೂರೂ ಸಾಲಿನಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬಂದರೆ, ಅವರ ಹುದ್ದೆ ಏನೇ ಇರಲಿ, ಅವರು ಮುಖ್ಯರು. ಸಹಿ ಹಾಕುವವರು ಒಬ್ಬರಿರಬಹುದು. ಫೈಲಿನ ಮೇಲೆ ಒಂದು ಪ್ರಶ್ನೆ ಬರೆದು ಹದಿನೈದು ದಿನ ಕೂರಿಸಬಲ್ಲ ಗುಮಾಸ್ತರು ಇನ್ನೊಬ್ಬರು. ಸಹಿ ಹಾಕುವವರನ್ನೇ ಓಲೈಸುತ್ತ ಆ ಎರಡನೆಯವರನ್ನು ಮರೆತವರ ಫೈಲುಗಳು ಎಲ್ಲ ಕಡೆ ಧೂಳು ತಿನ್ನುತ್ತಿವೆ.

ಡೇವಿಡ್ ಕ್ರಾಕ್‌ಹಾರ್ಟ್ 1990ರಲ್ಲಿ ಒಂದು ಸಣ್ಣ ಸಂಸ್ಥೆಯನ್ನು ಅಧ್ಯಯನ ಮಾಡಿದಾಗ, ಯಾರು ಯಾರ ಸಲಹೆ ಕೇಳುತ್ತಾರೆ ಎಂಬುದನ್ನು ಸರಿಯಾಗಿ ಬಲ್ಲವರನ್ನೇ ಸಹೋದ್ಯೋಗಿಗಳು ಹೆಚ್ಚು ಪ್ರಭಾವಿಗಳು ಎಂದು ಗುರುತಿಸಿದ್ದರು. ಅಂದರೆ ಈ ಪಟ್ಟಿ ಸುಮ್ಮನೆ ಕುತೂಹಲಕ್ಕೆ ಮಾಡುವುದಲ್ಲ. ಇನ್ನೊಂದು ವಿಷಯ: ಆ ಕಾಗದ ಮನೆಯಲ್ಲಿರಲಿ. ಆಫೀಸಿನ ಕಂಪ್ಯೂಟರಿನಲ್ಲಿ ಮಾತ್ರ ಬೇಡವೇ ಬೇಡ.

ಹೆಜ್ಜೆ 2: ಎದುರಿನವರನ್ನು ಖಳನಾಯಕ ಮಾಡುವ ಮುಂಚೆ ಒಂದು ಪ್ರಶ್ನೆ

“ಅವರ ಮೇಲಧಿಕಾರಿ ಅವರನ್ನು ಯಾವುದರಿಂದ ಅಳೆಯುತ್ತಾರೆ?” ಇದೊಂದನ್ನು ಕೇಳಿಕೊಂಡರೆ ಅರ್ಧಕ್ಕರ್ಧ ಜಗಳ ಅರ್ಥವಾಗುತ್ತದೆ. ಮಾರಾಟದವರಿಗೆ ಗಿರಾಕಿಗೆ ಕೊಟ್ಟ ತಾರೀಖು ಮುಖ್ಯ, ಗುಣಮಟ್ಟ ನೋಡುವವರಿಗೆ ತಪ್ಪಿಲ್ಲದ ಮಾಲು ಮುಖ್ಯ. ಇಬ್ಬರೂ ತಮ್ಮ ತಮ್ಮ ಅನ್ನಕ್ಕೆ ಹೊಡೆದಾಡುತ್ತಿದ್ದಾರೆ ಅಷ್ಟೇ.

ನಾವು ಇದನ್ನು ಸುಲಭವಾಗಿ ಮರೆಯುತ್ತೇವೆ. 1967ರ ಒಂದು ಪ್ರಸಿದ್ಧ ಪ್ರಯೋಗದಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ಜನರಿಗೆ ಫಿಡೆಲ್ ಕ್ಯಾಸ್ಟ್ರೋ ಪರ ಮತ್ತು ವಿರುದ್ಧದ ಪ್ರಬಂಧಗಳನ್ನು ಓದಲು ಕೊಟ್ಟರು. ಬರೆದವರು ತಾವಾಗಿ ಪಕ್ಷ ಆರಿಸಿಕೊಂಡಿರಲಿಲ್ಲ, ಅವರಿಗೆ ಹಾಗೆ ಬರೆಯಲು ಹೇಳಲಾಗಿತ್ತು ಎಂದು ತಿಳಿಸಿದ ಮೇಲೂ ಓದುಗರು, ಬರೆದವರ ಸ್ವಂತ ಅಭಿಪ್ರಾಯವೂ ಅದೇ ಇರಬೇಕು ಎಂದೇ ಅಂದಾಜು ಮಾಡಿದರು. ತನ್ನ ಸಾಹೇಬರ ಮಾತನ್ನು ಮೀಟಿಂಗಿನಲ್ಲಿ ಒಪ್ಪಿಸುತ್ತಿರುವ ಸಹೋದ್ಯೋಗಿಯ ಮೇಲೆ ನೀವು ಹಲ್ಲು ಕಡಿಯುವಾಗ ಆಗುತ್ತಿರುವುದೂ ಇದೇ. ನಿಜವಾಗಿ ಕೆಡುಕು ಬಯಸುವವರು ಇಲ್ಲವೆಂದಲ್ಲ. ಇದ್ದಾರೆ, ಆದರೆ ನಾವು ಅಂದುಕೊಂಡಷ್ಟು ಜನ ಇಲ್ಲ.

ಹೆಜ್ಜೆ 3: ಮೀಟಿಂಗಿಗೆ ಮುಂಚೆ ಒಬ್ಬೊಬ್ಬರನ್ನೇ ಕಾಣಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನು ಮಾತ್ರ ಪಾಲಿಸುತ್ತೀರಿ ಎಂದಾದರೆ ಇದನ್ನು ಪಾಲಿಸಿ. ಮುಖ್ಯವಾದ ಯಾವ ಪ್ರಸ್ತಾಪವನ್ನೂ ಮೊದಲ ಸಲ ತುಂಬಿದ ಸಭೆಯಲ್ಲಿ ಇಡಬೇಡಿ.

ಹತ್ತು ಜನರ ಮುಂದೆ ದಿಢೀರನೆ ಬಂದ ಹೊಸ ವಿಷಯಕ್ಕೆ ಹಿರಿಯರು ಕೊಡುವ ಸುಲಭದ ಉತ್ತರ “ನೋಡೋಣ”. ಅವರಿಗೆ ವಿಷಯ ಗೊತ್ತಿಲ್ಲ, ಗೊತ್ತಿಲ್ಲ ಎಂದು ಹೇಳಿಕೊಳ್ಳಲೂ ಆಗದು. ಹಾಗಾಗಿ ಅಡ್ಡಗೋಡೆಯ ಮೇಲೆ ದೀಪ ಇಡುತ್ತಾರೆ. ಸಭೆಗಳಿಗೆ ಇನ್ನೊಂದು ದೌರ್ಬಲ್ಯವೂ ಇದೆ. ಗ್ಯಾರಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ 1985ರಲ್ಲಿ ತೋರಿಸಿದಂತೆ, ಗುಂಪು ಕೂತಾಗ ಚರ್ಚೆ ಎಲ್ಲರಿಗೂ ಮೊದಲೇ ಗೊತ್ತಿರುವ ವಿಷಯಗಳ ಸುತ್ತಲೇ ಸುತ್ತುತ್ತದೆ. ಒಬ್ಬರಿಗೆ ಮಾತ್ರ ಗೊತ್ತಿದ್ದ ಮುಖ್ಯ ಸಂಗತಿ ಎಷ್ಟೋ ಸಲ ಹೊರಗೇ ಬರುವುದಿಲ್ಲ. ಅದು ಹೊರಬರುವುದು ಕುರ್ಚಿ ಎಳೆದುಕೊಂಡು ಇಬ್ಬರೇ ಕೂತಾಗ.

ಯಾರನ್ನು ಮೊದಲು ಕಾಣಬೇಕು? ಮೊದಲು, ವಿಷಯ ಬಲ್ಲ, ನಿಮ್ಮ ಬಗ್ಗೆ ಒಳ್ಳೆಯ ಮನಸ್ಸಿರುವ ಒಬ್ಬರು. ಅವರು ತೂತುಗಳನ್ನು ತೋರಿಸಲಿ, ಮುಚ್ಚಿಕೊಳ್ಳಿ. ಆಮೇಲೆ, ಇದರಿಂದ ಹೆಚ್ಚು ಕೆಲಸ ಬೀಳುವವರು ಅಥವಾ ಏನಾದರೂ ಕಳೆದುಕೊಳ್ಳುವವರು. ವಿರೋಧ ಬರುವುದಿದ್ದರೆ ಇಲ್ಲಿಂದಲೇ ಬರುತ್ತದೆ. ಕೊನೆಗೆ ನಿಮ್ಮ ಮೇಲಧಿಕಾರಿ. ಕೆಲವರು ಮೇಲಧಿಕಾರಿಯಿಂದಲೇ ಶುರುಮಾಡಿ ಎನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ, ಏಕೆಂದರೆ ಅವರು ಕೇಳುವ ಮೊದಲ ಪ್ರಶ್ನೆಯೇ “ಉಳಿದವರು ಏನಂತಾರೆ?” ಎಂದಿರುತ್ತದೆ. ಆದರೆ “ಇವರ ಜೊತೆಯೆಲ್ಲ ಮಾತಾಡುತ್ತಿದ್ದೇನೆ” ಎಂಬ ಸುದ್ದಿ ಮಾತ್ರ ಅವರಿಗೆ ನಿಮ್ಮಿಂದಲೇ ಹೋಗಿರಬೇಕು, ಬೇರೆಯವರಿಂದಲ್ಲ.

ಮಾತು ಹೀಗೆ ಸಾಗಬಹುದು. ಹೊಸ ಸಾಫ್ಟ್‌ವೇರ್ ತರುವ ವಿಷಯ, ಎದುರಿಗೆ ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ.

“ಮೇಡಂ, ಗುರುವಾರದ ಮೀಟಿಂಗಿನಲ್ಲಿ ಹೊಸ ಸಾಫ್ಟ್‌ವೇರ್ ವಿಷಯ ಇಡೋಣ ಅಂತಿದ್ದೀನಿ. ನಿಮ್ಮ ಕಡೆಯವರಿಗೆ ಏನಾದ್ರೂ ತೊಂದರೆ ಆಗುತ್ತಾ ಅಂತ ಮೊದಲೇ ಕೇಳ್ಕೊಂಡು ಹೋಗೋಣ ಅಂತ ಬಂದೆ.”

“ತೊಂದರೆ ಏನಿಲ್ಲ. ಆದರೆ ವರ್ಷದ ಕೊನೇ ತಿಂಗಳಲ್ಲಿ ನಮ್ಮ ಹುಡುಗರನ್ನ ತರಬೇತಿ ಅಂತ ಕೂರಿಸಬೇಡಿ. ಆಗ ಲೆಕ್ಕ ಮುಗಿಸೋದೇ ಹರಸಾಹಸ.”

“ತರಬೇತಿ ಎರಡು ತಿಂಗಳು ಮುಂದಕ್ಕೆ ಹಾಕಿದ್ರೆ?”

“ಹಾಗಾದ್ರೆ ನನ್ನದೇನೂ ಅಡ್ಡಿ ಇಲ್ಲ.”

ಇದೇ ಆಕ್ಷೇಪ ಸಭೆಯಲ್ಲಿ ಬಂದಿದ್ದರೆ “ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ” ಎಂದಾಗುತ್ತಿತ್ತು. ಎಲ್ಲರೂ ತಲೆಯಾಡಿಸುತ್ತಿದ್ದರು, ತರಬೇತಿಯ ತಾರೀಖಿನ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಗಮನಿಸಿ, ಅಲ್ಲಿ ಕೇಳಿದ್ದು “ಬೆಂಬಲ ಕೊಡಿ” ಎಂದಲ್ಲ, “ತೊಂದರೆ ಏನು” ಎಂದು. ಬೆಂಬಲ ಕೇಳಿದರೆ ಜನ ಲೆಕ್ಕಾಚಾರಕ್ಕೆ ಬೀಳುತ್ತಾರೆ. ತೊಂದರೆ ಕೇಳಿದರೆ ಮನಸ್ಸು ಬಿಚ್ಚುತ್ತಾರೆ.

ಇದು ಕಿವಿ ಊದುವ ಕೆಲಸವಲ್ಲವೇ ಎಂದು ಕೆಲವರಿಗೆ ಮುಜುಗರ. ಎರಡು ಗೆರೆ ಹಾಕಿಕೊಂಡರೆ ಅಲ್ಲ. ಒಂದು, ಎಲ್ಲರಿಗೂ ಒಂದೇ ಮಾತು ಹೇಳಿ. ಒಬ್ಬರ ಹತ್ತಿರ ಖರ್ಚು ಕಮ್ಮಿ ಎಂದು, ಇನ್ನೊಬ್ಬರ ಹತ್ತಿರ ಜನ ಜಾಸ್ತಿ ಸಿಗುತ್ತಾರೆ ಎಂದು ಹೇಳಿದರೆ ಅವರಿಬ್ಬರೂ ಎದುರುಬದುರಾದ ದಿನ ನಿಮ್ಮ ಬಣ್ಣ ಬಯಲಾಗುತ್ತದೆ. ಎರಡು, “ಈ ಬಗ್ಗೆ ಮೂವರ ಜೊತೆಗೂ ಮಾತಾಡಿದ್ದೇನೆ” ಎಂದು ಸಭೆಯಲ್ಲಿ ಎಲ್ಲರ ಮುಂದೆ ಹೇಳುವಷ್ಟು ಧೈರ್ಯ ಇರಲಿ.

ಹೆಜ್ಜೆ 4: ಒಪ್ಪಿದ್ದನ್ನು ಅದೇ ದಿನ ಬರೆದು ಕಳಿಸಿ

ಬಾಯಿಮಾತಿಗೆ ಆಯುಸ್ಸು ಕಡಿಮೆ. ಮೀಟಿಂಗ್ ಮುಗಿದ ಸಂಜೆಯೊಳಗೆ ಒಂದು ಚಿಕ್ಕ ಮೇಲ್ ಹೋಗಲಿ:

“ಇವತ್ತಿನ ಮಾತುಕತೆಯಲ್ಲಿ ನನಗೆ ಅರ್ಥವಾದದ್ದು ಇಷ್ಟು: ತರಬೇತಿ ಎರಡು ತಿಂಗಳು ಮುಂದಕ್ಕೆ. ಹಳೆಯ ದಾಖಲೆಗಳನ್ನು ವರ್ಗಾಯಿಸುವ ಹೊಣೆ ನಮ್ಮ ತಂಡದ್ದು. ಖರೀದಿ ಆದೇಶ ಯಾರು ಹೊರಡಿಸಬೇಕು ಎಂಬುದು ತೀರ್ಮಾನವಾಗಿಲ್ಲ, ಸೋಮವಾರದೊಳಗೆ ತಿಳಿಸಿದರೆ ಅನುಕೂಲ. ನಾನು ಏನಾದರೂ ತಪ್ಪಾಗಿ ಗ್ರಹಿಸಿದ್ದರೆ ತಿದ್ದಿ.”

ತೀರ್ಮಾನವಾಗದೇ ಉಳಿದದ್ದನ್ನೂ ಬರೆಯುವುದು ಇಲ್ಲಿನ ಗುಟ್ಟು. ಆರು ತಿಂಗಳಾದ ಮೇಲೆ “ನೀವೇ ಮಾಡ್ತೀನಿ ಅಂದಿದ್ರಿ” ಎಂಬ ಮಾತು ಹುಟ್ಟುವುದು ಆ ಖಾಲಿ ಜಾಗದಲ್ಲೇ.

ಆದರೆ ಬರೆಯಬೇಕಾದ್ದು ಸಂಗತಿಯನ್ನು ಮಾತ್ರ. ಸಿಟ್ಟು, ವ್ಯಂಗ್ಯ, ಅಸಮಾಧಾನ ಯಾವುದೂ ಮೇಲ್‌ನಲ್ಲಿ ಬೇಡ. ನಾವು ಬರೆದ ಮೇಲ್‌ನ ಧಾಟಿ ಓದುವವರಿಗೆ ಸರಿಯಾಗಿ ತಲುಪುತ್ತದೆ ಎಂದು ನಾವು ನಂಬುವಷ್ಟು ಅದು ತಲುಪುವುದಿಲ್ಲ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತಿತರರು 2005ರಲ್ಲಿ ಇದನ್ನೇ ಪ್ರಯೋಗ ಮಾಡಿ ತೋರಿಸಿದ್ದಾರೆ. ತಮಾಷೆಗೆ ಬರೆದದ್ದು ಚುಚ್ಚುಮಾತಾಗಿ ಹೋಗುತ್ತದೆ. ಸಹೋದ್ಯೋಗಿಗೆ ಬರೆಯುವ ಮೇಲ್‌ನಲ್ಲಿ ಇದ್ದಕ್ಕಿದ್ದಂತೆ ಅವರ ಸಾಹೇಬರನ್ನು ಸಿಸಿಯಲ್ಲಿ ಸೇರಿಸುವುದೆಂದರೆ ಯುದ್ಧ ಸಾರಿದ ಹಾಗೆ. ಸಾರಲೇಬೇಕಾದ ದಿನ ಬರಬಹುದು, ಅದಕ್ಕೆ ಮುಂಚೆ ಒಂದು ಫೋನ್ ಮಾಡಿ. ಬಿಸಿಸಿಯಲ್ಲಿ ಗುಟ್ಟಾಗಿ ಇನ್ನೊಬ್ಬರಿಗೆ ಕಳಿಸುವ ಚಟ ಇದ್ದರೆ ಇವತ್ತೇ ಬಿಡಿ. ಹಾಗೆ ಗುಟ್ಟಾಗಿ ಪಡೆದವರು ಎಲ್ಲರಿಗೂ ಹೋಗುವಂತೆ ಉತ್ತರ ಬರೆದರೆ ಮುಗಿಯಿತು ಕಥೆ.

ಹೆಜ್ಜೆ 5: ನಿಮ್ಮ ಕೆಲಸದ ಹೆಸರು ಇನ್ನೊಬ್ಬರು ತೆಗೆದುಕೊಂಡಾಗ

ಮೊದಲು ಒಂದು ಕಹಿ ಸತ್ಯ. ಮೈಕಲ್ ರಾಸ್ ಮತ್ತು ಫಿಯೋರ್ ಸಿಕೋಲಿ 1979ರಲ್ಲಿ ಗಂಡ-ಹೆಂಡತಿಯರನ್ನು ಮನೆಕೆಲಸದಲ್ಲಿ ನಿಮ್ಮ ನಿಮ್ಮ ಪಾಲೆಷ್ಟು ಎಂದು ಪ್ರತ್ಯೇಕವಾಗಿ ಕೇಳಿದರು. ಇಬ್ಬರೂ ಹೇಳಿದ್ದನ್ನು ಕೂಡಿದರೆ ಹೆಚ್ಚಿನ ಕೆಲಸಗಳಲ್ಲಿ ಮೊತ್ತ ನೂರು ದಾಟಿತ್ತು. ನಾವು ಮಾಡಿದ್ದು ನಮಗೆ ಪೂರ್ತಿ ನೆನಪಿರುತ್ತದೆ, ಪಕ್ಕದವರು ಮಾಡಿದ್ದು ಕಂಡೇ ಇರುವುದಿಲ್ಲ. ಆಫೀಸಿನಲ್ಲೂ ಅಷ್ಟೇ. ಹಾಗಾಗಿ “ಕದ್ದರು” ಎಂದು ಕೂಗುವ ಮುಂಚೆ, ಅವರೂ ನಿಜವಾಗಿಯೇ ತಮ್ಮದೆಂದು ನಂಬಿರಬಹುದೇ ಎಂದು ಒಮ್ಮೆ ಯೋಚಿಸಿ.

ಸಭೆಯಲ್ಲೇ ಆದರೆ ಸಭೆಯಲ್ಲೇ ಸರಿಪಡಿಸಿ. “ಅದು ನಾನು ಮಾಡಿದ್ದು” ಎನ್ನಬೇಡಿ, ಚಿಕ್ಕ ಮಕ್ಕಳ ಜಗಳದ ಹಾಗೆ ಕೇಳಿಸುತ್ತದೆ. ಮಾಡಿದವರಿಗೆ ಮಾತ್ರ ಗೊತ್ತಿರುವ ಒಂದು ವಿವರ ಹೇಳಿ: “ಒಂದು ಮಾತು ಸೇರಿಸ್ತೀನಿ. ಎರಡನೇ ಕಾಲಂ ಅಂಕಿ ಜಾಸ್ತಿ ಕಾಣೋದಕ್ಕೆ ಕಾರಣ, ಹಳೇ ಶಾಖೆಯ ಬಾಕಿಯನ್ನ ನಾನು ಅದರಲ್ಲೇ ಸೇರಿಸಿದೀನಿ. ಅದನ್ನ ಬೇರೆ ಮಾಡಿ ಬೇಕಾದ್ರೆ ಸಂಜೆ ಕಳಿಸ್ತೀನಿ.” ಕೆಲಸ ಯಾರದು ಎಂದು ಎಲ್ಲರಿಗೂ ಗೊತ್ತಾಯಿತು, ಯಾರ ಮುಖವೂ ಕೆಂಪಾಗಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದರೆ ಇದೇ.

ಮತ್ತೆ ಮತ್ತೆ ಆದರೆ ಅವರನ್ನೇ ಪಕ್ಕಕ್ಕೆ ಕರೆದು ನೇರವಾಗಿ ಕೇಳಿ. ಘಟನೆ ಹೇಳಿ, ಅದರಿಂದ ಏನಾಯಿತು ಹೇಳಿ, ಮುಂದೆ ಏನು ಬೇಕು ಹೇಳಿ. “ನೀವು ಯಾವಾಗಲೂ ಹೀಗೇ” ಎಂಬ ಮಾತು ಮಾತ್ರ ಬೇಡ. ಮೇಲಧಿಕಾರಿಯ ಹತ್ತಿರ ಹೋಗುವುದು ಅದೂ ವಿಫಲವಾದ ಮೇಲೆ.

ಇದೆಲ್ಲಕ್ಕಿಂತ ಸುಲಭದ ದಾರಿ, ವಾರಕ್ಕೊಮ್ಮೆ ಮೇಲಧಿಕಾರಿಗೆ ಐದು ಸಾಲಿನ ಟಿಪ್ಪಣಿ: ಏನು ಮುಗಿಯಿತು, ಏನು ನಡೆಯುತ್ತಿದೆ, ಎಲ್ಲಿ ಸಿಕ್ಕಿಕೊಂಡಿದೆ, ಯಾರು ನೆರವಾದರು. ಆ ಕೊನೆಯ ಸಾಲನ್ನು ಜಿಪುಣತನ ಮಾಡದೆ ಬರೆಯಿರಿ. ಬೇರೆಯವರ ಹೆಸರನ್ನು ಅವರ ಬೆನ್ನ ಹಿಂದೆ ಒಳ್ಳೆಯ ಮಾತಿಗೆ ಬಳಸುವವರು ಆಫೀಸಿನಲ್ಲಿ ತೀರಾ ಕಡಿಮೆ. ಹಾಗಾಗಿ ಆ ಸುದ್ದಿ ಬೇಗ ಹರಡುತ್ತದೆ.

ಹೆಜ್ಜೆ 6: ಚಾಡಿಯ ಎದುರು

ಸುದ್ದಿ ಕೇಳಿಸಿಕೊಳ್ಳಿ, ಸಾಗಿಸಬೇಡಿ. ಕಿವಿ ಮುಚ್ಚಿಕೊಂಡು ಕೂತರೆ ವಿಭಾಗ ಮುಚ್ಚುತ್ತದೆ ಎಂಬ ಸುದ್ದಿಯೂ ನಿಮಗೆ ಕೊನೆಗೆ ತಲುಪುತ್ತದೆ. ಒಬ್ಬ ವ್ಯಕ್ತಿಯ ಬಗ್ಗೆ ಮಾತು ಶುರುವಾದರೆ “ಹೌದಾ, ನನಗೆ ಅಷ್ಟು ಪರಿಚಯ ಇಲ್ಲಪ್ಪ” ಎಂದು ವಿಷಯ ಬದಲಿಸಿ. “ಹ್ಞೂಂ” ಅನ್ನುವುದೂ ಅಪಾಯ. ಸಂಜೆ ಹೊತ್ತಿಗೆ ಅದು “ಅವರೂ ಹಾಗೇ ಹೇಳಿದ್ರು” ಎಂದಾಗಿರುತ್ತದೆ. ಊಟಕ್ಕೆ ದಿನಾ ಒಂದೇ ಗುಂಪಿನ ಜೊತೆ ಕೂರಬೇಡಿ. ನೀವು ಪಕ್ಷ ಕಟ್ಟದಿದ್ದರೂ ನೋಡುವವರು ನಿಮ್ಮನ್ನು ಒಂದು ಪಕ್ಷಕ್ಕೆ ಸೇರಿಸಿಬಿಡುತ್ತಾರೆ.

ಹೆಜ್ಜೆ 7: ಮೇಲಧಿಕಾರಿಯನ್ನು ನಿಭಾಯಿಸುವುದು

ಬಕೆಟ್ ಹಿಡಿಯುವುದಕ್ಕೂ ಮೇಲಧಿಕಾರಿಗೆ ಬೇಕಾದವರಾಗುವುದಕ್ಕೂ ವ್ಯತ್ಯಾಸ ಇದೆ. ಬಕೆಟ್ ಹಿಡಿಯುವವರು ಕೇಳಲು ಹಿತವಾದದ್ದನ್ನು ಹೇಳುತ್ತಾರೆ, ಅವರ ಬೆಲೆ ಸಾಹೇಬರ ವರ್ಗಾವಣೆಯ ದಿನ ಮುಗಿಯುತ್ತದೆ. ಬೇಕಾದವರಾಗಲು ಒಂದೇ ನಿಯಮ ಸಾಕು: ಅವರನ್ನು ಯಾರ ಮುಂದೆಯೂ ಬೆಪ್ಪಾಗುವಂತೆ ಬಿಡಬೇಡಿ. ಕೆಟ್ಟ ಸುದ್ದಿ ಇದ್ದರೆ ಮೊದಲು ಅವರಿಗೇ ಹೇಳಿ, ಮತ್ತು ಬರಿಗೈಲಿ ಹೋಗಬೇಡಿ. “ಶುಕ್ರವಾರಕ್ಕೆ ಮುಗಿಯಲ್ಲ ಸರ್. ಎರಡು ದಾರಿ ಇದೆ, ಅರ್ಧ ಭಾಗ ಶುಕ್ರವಾರ ಕೊಡೋದು, ಇಲ್ಲಾ ಪೂರ್ತಿ ಬುಧವಾರ ಕೊಡೋದು. ನನಗೆ ಮೊದಲನೇದು ಸರಿ ಅನ್ಸುತ್ತೆ” ಎಂದರೆ ಬೈಗುಳ ಬಿದ್ದರೂ ಅರ್ಧ ನಿಮಿಷ ಬೀಳುತ್ತದೆ.

ಅವರಿಗೆ ಓದುವುದು ಇಷ್ಟವೋ, ಕೇಳಿಸಿಕೊಳ್ಳುವುದೋ? ಬೆಳಿಗ್ಗೆ ಮನಸ್ಸು ಚೆನ್ನಾಗಿರುತ್ತದೋ, ಸಂಜೆಯೋ? ಇವು ಸಣ್ಣ ವಿಷಯಗಳೇ, ಆದರೆ ಇವನ್ನು ತಿಳಿಯದೆ ಕೊಟ್ಟ ಒಳ್ಳೆಯ ಸಲಹೆಗಳು ಕಸದ ಬುಟ್ಟಿ ಸೇರಿವೆ. ಅವರ ತಲೆಯ ಮೇಲಿಂದ ದಾಟಿ ಅವರ ಮೇಲಿನವರ ಹತ್ತಿರ ಹೋಗುವುದು ಕೊನೆಯ ಅಸ್ತ್ರ. ಹೋಗುವುದಿದ್ದರೆ “ಈ ವಿಷಯ ಮೇಲಿನವರ ಮುಂದೆ ಇಡಬೇಕು ಅಂತಿದ್ದೀನಿ, ನೀವೂ ಇದ್ದರೆ ಒಳ್ಳೆಯದು” ಎಂದು ಹೇಳಿಯೇ ಹೋಗಿ.

ಹೆಜ್ಜೆ 8: ಈಗ ನೀವೇ ತಂಡದ ಮುಖ್ಯಸ್ಥರಾದರೆ

ಇಲ್ಲಿಂದ ಆಟ ತಿರುಗುತ್ತದೆ. ನಿಮ್ಮ ಕೆಳಗೆ ಗುಂಪುಗಾರಿಕೆ ಬೆಳೆದರೆ ಅದಕ್ಕೆ ಅರ್ಧ ಕಾರಣ ನೀವೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾವುದಕ್ಕೆ ಬಡ್ತಿ, ಯಾವುದಕ್ಕೆ ಒಳ್ಳೆಯ ಕೆಲಸ ಸಿಗುತ್ತದೆ ಎಂದು ಗೊತ್ತಿಲ್ಲದ ಕಡೆ ಜನ ನಿಮ್ಮ ಮುಖ ಓದಲು ಶುರುಮಾಡುತ್ತಾರೆ. ಮುಖ ಓದುವ ಸ್ಪರ್ಧೆಯಲ್ಲಿ ಗೆಲ್ಲುವುದು ಕೆಲಸಗಾರರಲ್ಲ.

ಆದ್ದರಿಂದ ಅಳತೆಗೋಲನ್ನು ವರ್ಷದ ಮೊದಲೇ, ಎಲ್ಲರ ಎದುರು, ಬರವಣಿಗೆಯಲ್ಲಿ ಹೇಳಿ. ಎಲ್ಲರೂ ಬೇಡವೆನ್ನುವ ಕೆಲಸಗಳನ್ನು, ಉದಾಹರಣೆಗೆ ರಜಾದಿನದ ಪಾಳಿ, ಸಿಡುಕು ಗಿರಾಕಿ, ಮೀಟಿಂಗಿನ ಟಿಪ್ಪಣಿ ಬರೆಯುವುದು, ಸರದಿಯಲ್ಲಿ ಹಂಚಿ. “ಇಲ್ಲ” ಎನ್ನಲು ಬಾರದವರ ತಲೆಗೇ ಎಲ್ಲವೂ ಬೀಳುತ್ತಿದೆಯೇ ಎಂದು ಎರಡು ತಿಂಗಳಿಗೊಮ್ಮೆ ನೋಡಿ. ಖಂಡಿತ ಬೀಳುತ್ತಿರುತ್ತದೆ.

ಹಿತ್ತಾಳೆ ಕಿವಿ ಬೇಡ. ಒಬ್ಬರು ಬಂದು ಇನ್ನೊಬ್ಬರ ಮೇಲೆ ದೂರು ಹೇಳಿದರೆ ಪೂರ್ತಿ ಕೇಳಿ, ಆಮೇಲೆ ಕೇಳಬೇಕಾದ್ದು ಒಂದೇ: “ಇದನ್ನ ಅವರಿಗೆ ಹೇಳಿದ್ದೀರಾ?” ಇಲ್ಲವೆಂದರೆ, “ಮೊದಲು ನೀವು ಹೇಳಿ. ಕಷ್ಟ ಅನ್ನಿಸಿದರೆ ನಾಳೆ ಮೂವರೂ ಕೂರೋಣ.” ಕಿರುಕುಳದ ದೂರಿಗೆ ಮಾತ್ರ ಇದು ಅನ್ವಯಿಸುವುದಿಲ್ಲ, ಅದಕ್ಕೆ ಬೇರೆ ದಾರಿ ಇದೆ, ಕೆಳಗೆ ಹೇಳುತ್ತೇನೆ. ಉಳಿದಂತೆ ನಾಲ್ಕಾರು ಸಲ ಹೀಗೆ ಮಾಡಿದರೆ ಚಾಡಿಯ ವ್ಯಾಪಾರ ತಾನಾಗಿ ಇಳಿಯುತ್ತದೆ.

ಪ್ರತಿಯೊಬ್ಬರ ಜೊತೆಗೂ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಒಬ್ಬೊಬ್ಬರೇ ಕೂತು ಮಾತಾಡಿ. ಕೆಲಸದ ಲೆಕ್ಕ ಕೇಳುವುದಕ್ಕಲ್ಲ, ಅದಕ್ಕೆ ಬೇರೆ ಸಭೆಗಳಿವೆ. “ನನಗೆ ಗೊತ್ತಿರಬೇಕಾದ, ಯಾರೂ ಹೇಳದ ವಿಷಯ ಏನಾದ್ರೂ ಇದೆಯಾ?” ಎಂದು ಕೇಳಿ ಸುಮ್ಮನಿರಿ. ಮೊದಲೆರಡು ಸಲ ಏನೂ ಬರುವುದಿಲ್ಲ. ಮೂರನೇ ಸಲ ಕೆಟ್ಟ ಸುದ್ದಿ ಬಂದಾಗ ನೀವು ಸಿಡುಕಿದರೆ ನಾಲ್ಕನೆಯದು ಬರುವುದೇ ಇಲ್ಲ. ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ನಾಯಕತ್ವ ಇದ್ದ ಘಟಕಗಳಲ್ಲೇ ಹೆಚ್ಚು ತಪ್ಪು ದಾಖಲಾಗಿದ್ದು ಕಂಡುಬಂತು. ಅಲ್ಲಿ ಜನ ತಪ್ಪನ್ನು ಬಚ್ಚಿಡುತ್ತಿರಲಿಲ್ಲ ಎಂಬುದು ಅವರು ಕೊಟ್ಟ ವಿವರಣೆ. ನಿಮ್ಮ ತಂಡದಿಂದ ದೂರೇ ಬರುತ್ತಿಲ್ಲ ಎಂದರೆ ಖುಷಿಪಡುವ ಮುಂಚೆ ಇದನ್ನು ನೆನೆಸಿಕೊಳ್ಳಿ.

ಎಲ್ಲಕ್ಕಿಂತ ಕಷ್ಟದ ಮಾತು ಬಡ್ತಿ ಸಿಗದವರ ಜೊತೆಗಿನದು. ಹೆಚ್ಚಿನವರು ಇದನ್ನು ತಪ್ಪಿಸಿಕೊಂಡು ಓಡಾಡುತ್ತಾರೆ. ಆ ವ್ಯಕ್ತಿಗೆ ವಿಷಯ ಗೊತ್ತಾಗುವುದು ಎಲ್ಲರಿಗೂ ಹೋದ ಅಭಿನಂದನೆಯ ಮೇಲ್‌ನಿಂದ. ಅಲ್ಲಿಂದಾಚೆ ಅವರು ನಿಮ್ಮ ವಿರೋಧ ಪಕ್ಷ. ಪಟ್ಟಿ ಹೊರಬೀಳುವ ಹಿಂದಿನ ದಿನ ಬಾಗಿಲು ಹಾಕಿ ಕೂರಿಸಿ ಹೇಳಿ: “ನಾಳೆ ಪಟ್ಟಿ ಬರುತ್ತೆ, ನಿಮ್ಮ ಹೆಸರು ಅದರಲ್ಲಿಲ್ಲ. ಇದನ್ನ ನಾನೇ ಹೇಳಬೇಕು ಅಂತ ಕರೆದೆ. ಈ ಹುದ್ದೆಯಲ್ಲಿ ಗಿರಾಕಿಗಳ ಜೊತೆ ನೇರ ಮಾತಾಡಬೇಕು, ನಿಮಗೆ ಇನ್ನೂ ಆ ಅವಕಾಶ ಸಿಕ್ಕಿಲ್ಲ. ಮುಂದಿನ ಆರು ತಿಂಗಳಲ್ಲಿ ಅದನ್ನ ಕೊಡಿಸೋದು ನನ್ನ ಜವಾಬ್ದಾರಿ.” ಅವರು ಸಿಟ್ಟಾಗಲಿ, ಸುಮ್ಮನೆ ಎದ್ದು ಹೋಗಲಿ, ಆ ಹೊತ್ತಿನಲ್ಲಿ ಸಮರ್ಥನೆಗೆ ಇಳಿಯಬೇಡಿ. ಗಿರಾಕಿಯ ಮುಂದಿನ ಸಭೆಗೆ ಅವರನ್ನು ನಿಜವಾಗಿಯೂ ಕರೆದೊಯ್ಯಿರಿ. ಕರೆದೊಯ್ಯದಿದ್ದರೆ ಆ ಮಾತು ಹೇಳದೇ ಇದ್ದಿದ್ದೇ ವಾಸಿಯಾಗಿತ್ತು.

ನಿನ್ನೆಯವರೆಗೆ ಸರೀಕರಾಗಿದ್ದವರ ಮೇಲೆ ಇವತ್ತು ನೀವು ಬಾಸ್ ಆದರೆ? ಮೊದಲ ವಾರವೇ ಒಬ್ಬೊಬ್ಬರನ್ನೂ ಕಂಡು ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂದು ಬಿಡಿಸಿ ಹೇಳಿ. ಹಳೆಯ ಸ್ನೇಹಿತರ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಆಫೀಸಿನ ಮಾತು ನಿಲ್ಲಿಸಿ.

ಹೆಜ್ಜೆ 9: ಇದು ರಾಜಕೀಯ ಅಲ್ಲ, ಅಪರಾಧ ಎನ್ನುವ ಗೆರೆ

ಬೆದರಿಕೆ, ಲೈಂಗಿಕ ಕಿರುಕುಳ, ಜಾತಿ ಅಥವಾ ಲಿಂಗದ ಹೆಸರಿನ ಅವಮಾನ, ಸುಳ್ಳು ಲೆಕ್ಕಕ್ಕೆ ಬಲವಂತದ ಸಹಿ: ಇವನ್ನು ಜಾಣತನದಿಂದ ನಿಭಾಯಿಸುತ್ತೇನೆಂದು ಹೊರಡಬೇಡಿ, ಹೊಟ್ಟೆಗೂ ಹಾಕಿಕೊಳ್ಳಬೇಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂಗೀಕರಿಸಿದ, 2021ರ ಜೂನ್ 25ರಿಂದ ಜಾರಿಗೆ ಬಂದ 190ನೇ ಒಡಂಬಡಿಕೆ ಕೆಲಸದ ಜಗತ್ತಿನ ಹಿಂಸೆ ಮತ್ತು ಕಿರುಕುಳದ ಬಗ್ಗೆಯೇ ಇದೆ. ತರಬೇತಿಗೆ ಬಂದವರು, ಕೆಲಸ ಹುಡುಕಿಕೊಂಡು ಬಂದವರು, ಕೆಲಸಕ್ಕೆ ಸಂಬಂಧಿಸಿದ ಪ್ರಯಾಣ, ಫೋನಿಗೆ ಬರುವ ಸಂದೇಶ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ನಿಮ್ಮ ದೇಶದ ಕಾನೂನಿನಲ್ಲಿ ದೂರು ಕೊಡುವ ಗಡುವು ಎಷ್ಟು ಎಂದು ಮೊದಲ ದಿನವೇ ವಿಚಾರಿಸಿ. ಗಡುವು ಮೀರಿದ್ದಕ್ಕೇ ಬಿದ್ದುಹೋಗುವ ದೂರುಗಳುಂಟು.

ಘಟನೆ ನಡೆದ ದಿನವೇ ಬರೆದಿಡಿ: ತಾರೀಖು, ಹೊತ್ತು, ಜಾಗ, ಹೇಳಿದ ಮಾತು ಹೇಳಿದ ಹಾಗೇ, ಸುತ್ತ ಯಾರಿದ್ದರು. “ತುಂಬಾ ಅವಮಾನ ಮಾಡಿದರು” ಎಂಬ ಸಾಲಿಗಿಂತ ಅವರ ಬಾಯಿಂದ ಬಂದ ವಾಕ್ಯಕ್ಕೆ ತೂಕ ಹೆಚ್ಚು. ಪ್ರತಿಯನ್ನು ಆಫೀಸಿನ ಹೊರಗಿಡಿ, ಆದರೆ ಸಂಸ್ಥೆಯ ಗೋಪ್ಯ ಕಡತಗಳನ್ನು ಮನೆಗೆ ಹೊತ್ತೊಯ್ದು ನೀವೇ ಸಿಕ್ಕಿಬೀಳಬೇಡಿ. ಎಚ್‌ಆರ್ ವಿಭಾಗ ಇರುವುದು ಸಂಸ್ಥೆಗಾಗಿ. ಅಲ್ಲಿ ದೂರು ಕೊಡಿ, ಲಿಖಿತವಾಗಿ ಕೊಡಿ, ಸ್ವೀಕರಿಸಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ, ಜೊತೆಗೆ ಹೊರಗಿನ ಒಬ್ಬ ವಕೀಲರ ಮಾತೂ ಕೇಳಿ.

ಹೆಜ್ಜೆ 10: ಬಿಡುವುದಾದರೆ

ಪ್ರಾಮಾಣಿಕರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಿದ್ದರೆ, ಕೆಲಸಕ್ಕಿಂತ ನಿಮ್ಮನ್ನು ಕಾಪಾಡಿಕೊಳ್ಳುವುದಕ್ಕೇ ದಿನದ ಹೆಚ್ಚು ಹೊತ್ತು ಹೋಗುತ್ತಿದ್ದರೆ, ಹೊರಗೆ ನೋಡಲು ಶುರುಮಾಡಿ. ಸುದ್ದಿ ಆಫೀಸಿನಲ್ಲಿ ಯಾರಿಗೂ ಬೇಡ, ಆಪ್ತರಿಗೂ ಬೇಡ. ಹೊಸ ಕಡೆಯ ನೇಮಕ ಪತ್ರ ಲಿಖಿತವಾಗಿ ಕೈಗೆ ಬಂದ ಮೇಲಷ್ಟೇ ರಾಜೀನಾಮೆ. ಪತ್ರದಲ್ಲಿ ಕೊನೆಯ ದಿನಾಂಕ ಮತ್ತು ಕೆಲಸ ಒಪ್ಪಿಸುವ ವಿವರ ಇದ್ದರೆ ಸಾಕು, ವರ್ಷಗಳ ನೋವು ಬೇಡ. ಹೊರಡುವ ಮುಂಚಿನ ಸಂದರ್ಶನದಲ್ಲೂ ವ್ಯಕ್ತಿಗಳ ಬಗ್ಗೆ ಮಾತು ಬೇಡ. ಕಿರುಕುಳದ ದೂರು ಬಾಕಿ ಇದ್ದರೆ ಮಾತ್ರ ಈ ನಿಯಮ ತಿರುಗುಮುರುಗು: ಆಗ ಕಾರಣವನ್ನು ಸ್ಪಷ್ಟವಾಗಿ ಬರೆಯಿರಿ, ದೂರಿನ ತಾರೀಖು ನಮೂದಿಸಿ, ಕಳಿಸುವ ಮುಂಚೆ ವಕೀಲರಿಗೆ ತೋರಿಸಿ.